ನಿಂತ ಸುರುಳಿಯ ಒಂದು ಶತಮಾನ: ಹಳೆಯ ಸ್ಪಿನ್ನಿಂಗ್ ರೀಲುಗಳ ಸಂಗ್ರಹ ಏಕೆ, ಹೇಗೆ

ಗಾಳ ಹಾಕುವವರನ್ನು ಬಹುಕಾಲ ಕಾಡಿದ ಸಮಸ್ಯೆಯೊಂದಿದೆ: ಹಗುರವಾದ ಎರೆಯನ್ನು ದೂರಕ್ಕೆ ಎಸೆಯುವುದು ಹೇಗೆ? ಸಾಮಾನ್ಯ ರೀಲಿನಲ್ಲಿ ದಾರ ಹೊರಗೆ ಹೋಗಬೇಕಾದರೆ ಸುರುಳಿ ತಿರುಗಲೇಬೇಕು. ತೂಕವಿಲ್ಲದ ಎರೆಗೆ ಆ ಸುರುಳಿಯನ್ನು ಎಳೆದು ತಿರುಗಿಸುವ ಶಕ್ತಿಯಿಲ್ಲ. ಹೇಗೋ ತಿರುಗಲು ತೊಡಗಿತೆನ್ನಿ, ಎರೆ ನೀರಿಗೆ ಬಿದ್ದ ಮೇಲೂ ಸುರುಳಿ ನಿಲ್ಲುವುದಿಲ್ಲ. ಹೊರಗೆ ಹೋಗಲು ದಾರಿಯಿಲ್ಲದ ದಾರ ರೀಲಿನೊಳಗೇ ಗೋಜಲಾಗುತ್ತದೆ. ಸ್ಪಿನ್ನಿಂಗ್ ರೀಲು ಈ ಕಷ್ಟವನ್ನು ಬುಡದಲ್ಲೇ ಬಿಡಿಸಿತು. ಅದರಲ್ಲಿ ಎಸೆಯುವಾಗ ಸುರುಳಿ ಅಲ್ಲಾಡುವುದಿಲ್ಲ. ದಾರ ಸುರುಳಿಯ ಮುಂದಿನ ಅಂಚಿನಿಂದ ತಾನಾಗಿ ಜಾರಿಕೊಂಡು ಹೋಗುತ್ತದೆ.

ಆದರೆ ಸುರುಳಿಯನ್ನು ನಿಲ್ಲಿಸಿದ ಕೂಡಲೇ ನಾಲ್ಕು ಹೊಸ ಪ್ರಶ್ನೆಗಳು ಎದ್ದವು. ಹೊರಗೆ ಹೋದ ದಾರವನ್ನು ಮತ್ತೆ ಹಿಡಿದು ನಿಂತ ಸುರುಳಿಗೆ ಸುತ್ತುವವರು ಯಾರು? ಸುತ್ತಿದ್ದು ಒಂದೇ ಕಡೆ ಗುಡ್ಡೆಯಾಗದಂತೆ ಹಾಸುವುದು ಹೇಗೆ? ಅಡ್ಡಕ್ಕೆ ತಿರುಗುವ ಹಿಡಿಯ ಚಲನೆಯನ್ನು ಉದ್ದಕ್ಕೆ ತಿರುಗುವ ಭಾಗಕ್ಕೆ ದಾಟಿಸುವ ಹಲ್ಲುಚಕ್ರ ಎಂಥದ್ದು? ದೊಡ್ಡ ಮೀನು ಸೆಳೆದಾಗ ದಾರ ತುಂಡಾಗದ ಹಾಗೆ ಬಿಟ್ಟುಕೊಡುವುದು ಹೇಗೆ? 1905ರಿಂದ 1980ರ ಆಸುಪಾಸಿನವರೆಗೆ ಬ್ರಿಟನ್, ಫ್ರಾನ್ಸ್, ಸ್ವೀಡನ್, ಜರ್ಮನಿ, ಇಟಲಿ, ಅಮೆರಿಕ, ಜಪಾನ್‌ಗಳ ಕಾರ್ಖಾನೆಗಳು ಈ ನಾಲ್ಕು ಪ್ರಶ್ನೆಗಳಿಗೆ ಬೇರೆಬೇರೆ ಉತ್ತರ ಕೊಟ್ಟವು. ಆ ಉತ್ತರಗಳು ಇಂದು ಹಳೆಯ ಪೆಟ್ಟಿಗೆಗಳಲ್ಲಿ, ಅಟ್ಟಗಳ ಮೇಲೆ, ಸಂಗ್ರಾಹಕರ ಕಪಾಟುಗಳಲ್ಲಿ ಉಳಿದಿವೆ. ವಿಂಟೇಜ್ ಎಂಬ ಮಾತಿಗೆ ಸಂಗ್ರಾಹಕರಲ್ಲಿ ಒಮ್ಮತದ ಗಡಿಯಿಲ್ಲ. ಈ ಲೇಖನ ನೋಡುವುದು ಈ ಮುಕ್ಕಾಲು ಶತಮಾನವನ್ನು.

ನನ್ನ ವಾದ ಸರಳ. ಹಳೆಯ ರೀಲಿನ ಬೆಲೆ ಅದರ ಅಪರೂಪದಲ್ಲಿ ಸ್ವಲ್ಪ ಇರಬಹುದು. ಹೆಚ್ಚಿನದು ಇರುವುದು ಅದನ್ನು ಬಿಚ್ಚಿ ಓದಬಹುದು ಎಂಬುದರಲ್ಲಿ. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ತಿಳಿದು ಕೂಡಿಸಿದ ಹತ್ತು ಸಾಧಾರಣ ರೀಲುಗಳು, ಬೆಲೆಪಟ್ಟಿ ನೋಡಿ ಕೂಡಿಸಿದ ನೂರು ದುಬಾರಿ ರೀಲುಗಳಿಗಿಂತ ದೊಡ್ಡ ಸಂಗ್ರಹ.

ತಿರುಗುವುದರಿಂದ ನಿಲ್ಲುವುದಕ್ಕೆ

19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ಹಲ್ಲುಚಕ್ರ ಜೋಡಿಸಿ, ಹಿಡಿಯ ಒಂದು ಸುತ್ತಿಗೆ ಸುರುಳಿ ಹಲವು ಸುತ್ತು ತಿರುಗುವ ರೀಲುಗಳನ್ನು ಮಾಡಿದ. ಆ ದಾರಿ ಮುಂದೆ ಇಂದಿನ ಮಲ್ಟಿಪ್ಲೈಯರ್ ರೀಲುಗಳವರೆಗೆ ಸಾಗಿತು. ಅಲ್ಲಿ ಸುರುಳಿ ತಿರುಗುತ್ತಲೇ ಉಳಿಯಿತು. ಅದನ್ನು ಪಳಗಿಸುವುದು ಗಾಳಗಾರನ ಹೆಬ್ಬೆರಳಿನ ಕೆಲಸವಾಯಿತು.

ಬೇರೆ ದಾರಿ ತೋರಿಸಿದವನು ಸ್ಕಾಟ್ಲೆಂಡಿನ ಪರ್ತ್ ನಗರದ ಪೀಟರ್ ಮ್ಯಾಲಕ್. 1884ರಲ್ಲಿ ಅವನು ಪೇಟೆಂಟ್ ಪಡೆದ ರೀಲಿನಲ್ಲಿ ಎಸೆಯುವಾಗ ಸುರುಳಿಯನ್ನು ಕಾಲು ಸುತ್ತು ಹೊರಳಿಸಿ, ಅದರ ಮುಖ ಗಾಳದ ಕೋಲಿನ ತುದಿಯ ಕಡೆಗೆ ಇರುವಂತೆ ಮಾಡಬಹುದಿತ್ತು. ದಾರ ಸುರುಳಿಯ ಪಕ್ಕದಿಂದ ಜಾರಿ ಹೋಗುತ್ತಿತ್ತು. ಎಸೆತ ಮುಗಿದ ಮೇಲೆ ಸುರುಳಿಯನ್ನು ಮತ್ತೆ ಮೊದಲಿನಂತೆ ಹೊರಳಿಸಿ ಸಾಮಾನ್ಯ ರೀಲಿನ ಹಾಗೆ ಸುತ್ತಿಕೊಳ್ಳಬೇಕು. ಹಗುರ ಎರೆ ದೂರ ಹೋಗತೊಡಗಿತು, ಆದರೆ ಹೊಸ ತೊಂದರೆಯೂ ಬಂತು. ನಿಂತ ಸುರುಳಿಯಿಂದ ಜಾರುವ ಪ್ರತಿ ಸುತ್ತು ದಾರಕ್ಕೆ ಒಂದೊಂದು ಹೊಸೆತ ಸೇರಿಸುತ್ತದೆ. ಸುರುಳಿಯನ್ನೇ ತಿರುಗಿಸಿ ಮರಳಿ ಸುತ್ತುವಾಗ ಆ ಹೊಸೆತ ಬಿಚ್ಚಿಕೊಳ್ಳುವುದಿಲ್ಲ. ಎಸೆದಷ್ಟೂ ದಾರ ಮುರಿಹುರಿಯಾಗುತ್ತ ಹೋಗುತ್ತದೆ. ಇದಕ್ಕಾಗಿ ಮ್ಯಾಲಕ್ ಸುರುಳಿಯನ್ನು ಆಗಾಗ ಕಳಚಿ ತಿರುವಿ ಹಾಕುವ ಏರ್ಪಾಡು ಮಾಡಿದ. ಆಗ ಹೊಸ ಹೊಸೆತ ಹಳೆಯದಕ್ಕೆ ಎದುರಾಗಿ ಬಿದ್ದು, ಕೂಡಿದ್ದು ಕಳೆದುಹೋಗುತ್ತಿತ್ತು.

ಗಂಟು ಪೂರ್ತಿ ಬಿಚ್ಚಿದ್ದು 1905ರಲ್ಲಿ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಜವಳಿ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಆ ವರ್ಷ ಪೇಟೆಂಟ್ ಪಡೆದ ರೀಲಿನಲ್ಲಿ ಎಸೆಯುವಾಗ ಮಾತ್ರವಲ್ಲ, ಸುತ್ತಿಕೊಳ್ಳುವಾಗಲೂ ಸುರುಳಿ ತಿರುಗುವುದಿಲ್ಲ. ಅದರ ಸುತ್ತ ಒಂದು ಕೊಕ್ಕೆ ತಿರುಗಿ ದಾರವನ್ನು ಸುತ್ತುತ್ತದೆ. ಈ ಯೋಚನೆಗೆ ಗಿರಣಿಯ ಬಾಬಿನ್ನುಗಳೇ ಪ್ರೇರಣೆ ಎಂಬ ಮಾತು ರೂಢಿಯಲ್ಲಿದೆ. ಇಳಕಲ್ಲಿನಲ್ಲೋ ರಬಕವಿಯಲ್ಲೋ ಮಗ್ಗದ ಮುಂದೆ ನಿಂತು ಲಾಳಿಯನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಲಾಳಿಯೊಳಗೆ ಕಂಡಿಕೆ ನಿಂತೇ ಇರುತ್ತದೆ, ನೂಲು ಅದರ ತುದಿಯಿಂದ ಬಿಚ್ಚಿಕೊಂಡು ಓಡುತ್ತದೆ. ಇಲ್ಲಿಂಗ್‌ವರ್ತನ ರೀಲಿನ ಗುಟ್ಟೂ ಇದೇ. ಹೊಸೆತದ ಸಮಸ್ಯೆಯೂ ಇಲ್ಲಿ ತಾನಾಗಿ ಬಗೆಹರಿಯಿತು. ಹೋಗುವಾಗ ಬಿದ್ದ ಹೊಸೆತವನ್ನು ಬರುವಾಗಿನ ಕೊಕ್ಕೆಯ ಸುತ್ತು ಎದುರು ದಿಕ್ಕಿನಲ್ಲಿ ಬಿಚ್ಚುತ್ತದೆ.

ಹಾಗೆಂದು ಮ್ಯಾಲಕ್‌ನ ಉತ್ತರ ಸತ್ತುಹೋಗಲಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 1920ರಲ್ಲಿ ಶುರುವಾದ ಆಲ್ವಿ ಸಂಸ್ಥೆ ಅದೇ ಪಕ್ಕಕ್ಕೆ ಹೊರಳುವ ಸುರುಳಿಯನ್ನು ದೊಡ್ಡದಾಗಿ, ಗಟ್ಟಿಯಾಗಿ ಮಾಡಿ ಕ್ವೀನ್ಸ್‌ಲ್ಯಾಂಡಿನ ಕಡಲತೀರಗಳಿಗೆ ಕೊಟ್ಟಿತು. ಅಲ್ಲಿ ಮರಳು ಮತ್ತು ಉಪ್ಪುನೀರು ಸೂಕ್ಷ್ಮ ಹಲ್ಲುಚಕ್ರಗಳನ್ನು ತಿಂದುಹಾಕುತ್ತವೆ. ಚಲಿಸುವ ಭಾಗಗಳು ಕಡಿಮೆ ಇದ್ದಷ್ಟೂ ಬಾಳಿಕೆ ಹೆಚ್ಚು. ಹೊಸೆತದ ತೊಂದರೆಯನ್ನು ಅಲ್ಲಿನ ಗಾಳಗಾರರು ದಾರಕ್ಕೆ ಸ್ವಿವೆಲ್ ಎಂಬ ತಿರುಗುವ ಕೊಂಡಿ ಹಾಕಿ ಸಂಭಾಳಿಸಿದರು. ಸಂಗ್ರಾಹಕ ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ: ರೀಲಿನ ಚರಿತ್ರೆ ಒಂದೇ ದಿಕ್ಕಿಗೆ ಏರುವ ಮೆಟ್ಟಿಲಲ್ಲ. ಒಂದು ನೀರಿನಲ್ಲಿ ಹಿಂದೆ ಬಿದ್ದ ಉತ್ತರ ಇನ್ನೊಂದು ನೀರಿನಲ್ಲಿ ಸರಿಯಾದ ಉತ್ತರವಾಗಿರಬಹುದು.

ದಾರ ಹಿಡಿಯುವ ತೋಳು

ಹಳೆಯ ಸ್ಪಿನ್ನಿಂಗ್ ರೀಲನ್ನು ಕೈಗೆ ತೆಗೆದುಕೊಂಡಾಗ ಮೊದಲು ನೋಡಬೇಕಾದದ್ದು ಸುರುಳಿಯ ಮುಂದಿರುವ ದಾರ ಹಿಡಿಯುವ ಭಾಗವನ್ನು. ರೀಲಿನ ಕಾಲವನ್ನೂ ಅದರ ಯೋಚನೆಯನ್ನೂ ಅದು ಬೇಗ ಹೇಳಿಬಿಡುತ್ತದೆ.

ಆರಂಭದ ರೀಲುಗಳಲ್ಲಿ ಇದ್ದದ್ದು ಬರೀ ಕೊಕ್ಕೆ. ಎಸೆಯುವ ಮೊದಲು ಬೆರಳಿನಿಂದ ದಾರವನ್ನು ಅದರಿಂದ ತಪ್ಪಿಸಬೇಕು, ಎಸೆದ ಮೇಲೆ ಮತ್ತೆ ಬೆರಳಿನಿಂದಲೇ ಸಿಕ್ಕಿಸಬೇಕು. ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿ ಬ್ರದರ್ಸ್ 1932ರಲ್ಲಿ ಹೊರತಂದ ಆಲ್ಟೆಕ್ಸ್ ರೀಲು ಇಲ್ಲಿ ದೊಡ್ಡ ತಿರುವು. ಸುರುಳಿಯ ಮುಂದೆ ಕಮಾನಿನಂತೆ ಬಾಗಿದ ಪೂರ್ಣ ತಂತಿತೋಳು, ಇಂದು ಎಲ್ಲರೂ ಬೇಲ್ ಎನ್ನುವ ಭಾಗ, ಅದರಲ್ಲಿತ್ತು. ಎಸೆಯುವಾಗ ಅದನ್ನು ತೆರೆದರೆ ಸಾಕು. ಹಿಡಿ ತಿರುಗಿಸಿದ ಕೂಡಲೇ ತಾನಾಗಿ ಮುಚ್ಚಿ ದಾರವನ್ನು ಬಾಚಿಕೊಳ್ಳುತ್ತದೆ. ಕತ್ತಲಲ್ಲೂ ಮರಗಟ್ಟಿದ ಬೆರಳಿನಲ್ಲೂ ನಡೆಯುವ ಉಪಾಯವಿದು.

ಈ ಉಪಾಯದ ಹಕ್ಕು ಹಾರ್ಡಿಯ ಕೈಯಲ್ಲಿದ್ದುದರಿಂದ ಉಳಿದ ತಯಾರಕರು ಸುತ್ತುದಾರಿ ಹಿಡಿದರು. 1930, 40ರ ದಶಕಗಳ ರೀಲುಗಳಲ್ಲಿ ಕಾಣುವ ಅರ್ಧ ಬೇಲು, ಬಾಗಿದ ಬೆರಳಿನಂಥ ತೋಳು, ಬಗೆಬಗೆಯ ಕೊಕ್ಕೆಗಳಿಗೆ ಇದು ಮುಖ್ಯ ಕಾರಣ. ಫ್ರಾನ್ಸಿನ ಮೊದಲ ಮಿಚೆಲ್ ರೀಲುಗಳಲ್ಲೂ ಅರ್ಧ ಬೇಲೇ ಇದ್ದದ್ದು. 1950ರ ದಶಕದಲ್ಲಿ ಪೇಟೆಂಟಿನ ಅವಧಿ ಮುಗಿಯುತ್ತಿದ್ದಂತೆ ಪೂರ್ಣ ಬೇಲು ಎಲ್ಲೆಡೆ ಹರಡಿತು. ಕಾನೂನಿನ ಒಂದು ಕಾಗದ ಲೋಹದ ಆಕಾರವನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಒಂದು ಅರ್ಧ ಬೇಲಿನ ಮಿಚೆಲ್, ಒಂದು ಪೂರ್ಣ ಬೇಲಿನ ಮಿಚೆಲ್, ಒಂದು ಆಲ್ಟೆಕ್ಸ್ ಪಕ್ಕಪಕ್ಕದಲ್ಲಿಟ್ಟರೆ ಈ ಕಥೆಯೆಲ್ಲ ಕಣ್ಣಿಗೆ ಕಾಣುತ್ತದೆ.

ಇಲ್ಲಿಯೂ ಹಳೆಯ ಉತ್ತರ ಮರಳಿ ಬಂತು. ಫಿಲಡೆಲ್ಫಿಯಾದಲ್ಲಿ ಓಟೊ ಹೆನ್ಸೆ 1932ರಲ್ಲಿ ಕಟ್ಟಿದ ಪೆನ್ ಸಂಸ್ಥೆ 1960ರ ದಶಕದ ಆರಂಭದಲ್ಲಿ ಸ್ಪಿನ್‌ಫಿಶರ್ ಸರಣಿಯನ್ನು ತಂದಿತು. ಆ ಸಾಲಿನ 704ರಲ್ಲಿ ಪೂರ್ಣ ಬೇಲಿದೆ. ಅದರ ಒಡಹುಟ್ಟು 706ರಲ್ಲಿ ಬೇಲೇ ಇಲ್ಲ; ಬೆರಳಿನಿಂದ ದಾರವನ್ನು ಉರುಳೆಗೆ ಸಿಕ್ಕಿಸಬೇಕು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಅಲೆಗಳ ನಡುವೆ ಬಂಡೆಯ ಮೇಲೆ ನಿಂತು ಪಟ್ಟೆ ಬಾಸ್ ಮೀನಿಗೆ ಗಾಳ ಹಾಕುವವರಲ್ಲಿ ಅನೇಕರು 706ನ್ನೇ ಬಯಸಿದರು. ಬೇಲಿನ ಸ್ಪ್ರಿಂಗ್ ಮುರಿದರೆ ರಾತ್ರಿಯ ಬೇಟೆ ಅಲ್ಲಿಗೇ ಮುಗಿಯಿತು. ಬೇಲೇ ಇಲ್ಲದ ರೀಲಿನಲ್ಲಿ ಮುರಿಯುವ ಸ್ಪ್ರಿಂಗೂ ಇಲ್ಲ. ಹೀಗೆ 1932ರಲ್ಲಿ ಹಾರ್ಡಿ ಬಿಟ್ಟುಬಂದ ಪದ್ಧತಿಯನ್ನು ಪೆನ್ ಮೂರು ದಶಕಗಳ ನಂತರ ತಿಳಿದೇ ಆರಿಸಿಕೊಂಡಿತು.

ಗಡಿಯಾರದ ಊರುಗಳು

ಹಳೆಯ ರೀಲುಗಳ ಹಿಂದೆ ಗಡಿಯಾರದ ಕಸುಬು ಮತ್ತೆಮತ್ತೆ ಎದುರಾಗುತ್ತದೆ. ಸಣ್ಣ ಹಲ್ಲುಚಕ್ರವನ್ನು ನಿಖರವಾಗಿ ಕತ್ತರಿಸುವ ಯಂತ್ರ, ಆ ಯಂತ್ರ ನಡೆಸುವ ಕೈ, ತಪ್ಪನ್ನು ಹಿಡಿಯುವ ಕಣ್ಣು ಎಲ್ಲಿದ್ದವೋ ಅಲ್ಲಿ ಒಳ್ಳೆಯ ರೀಲು ಹುಟ್ಟಿತು.

ಫ್ರಾನ್ಸಿನ ಓತ್-ಸವ್ವಾ ಸೀಮೆಯ ಕ್ಲೂಸ್, ಆರ್ವ್ ನದಿಯ ಕಣಿವೆಯಲ್ಲಿ ಆಲ್ಪ್ಸ್ ಬೆಟ್ಟಗಳ ನಡುವಿನ ಊರು. 1848ರಲ್ಲೇ ಅಲ್ಲಿ ಗಡಿಯಾರ ಕಸುಬಿನ ಶಾಲೆ ಆರಂಭವಾಗಿತ್ತು. ಅಲ್ಲಿನ ಕಾರ್ಪಾನೊ ಎ ಪೋನ್ಸ್ ಕಾರ್ಖಾನೆ ಎರಡನೆಯ ಮಹಾಯುದ್ಧದ ನಂತರ ಮಾರುಕಟ್ಟೆಗೆ ಬಿಟ್ಟ ಮಿಚೆಲ್ ರೀಲು ಈ ಕ್ಷೇತ್ರದ ಮುಖ್ಯ ಅಧ್ಯಾಯ. ಮೊಟ್ಟೆಯಾಕಾರದ ಮೈ, ಒಂದು ಪಕ್ಕಕ್ಕೆ ಮುಚ್ಚಳ, ಒಳಗೆ ಗಡಿಯಾರದವರ ಅಚ್ಚುಕಟ್ಟು. ಮೊದಲಿನವುಗಳ ಮೇಲೆ ಬರೀ ಮಿಚೆಲ್ ಎಂದಿದೆ. 300 ಮುಂತಾದ ಸಂಖ್ಯೆಗಳು ಆಮೇಲೆ ಬಂದವು. ಅಮೆರಿಕದಲ್ಲಿ ಗಾರ್ಸಿಯಾ ಸಂಸ್ಥೆ ಇದನ್ನು ಆಮದು ಮಾಡಿ ಮಾರಿತು. ಲಕ್ಷಗಟ್ಟಲೆ ಜನ ಸ್ಪಿನ್ನಿಂಗ್ ಕಲಿತದ್ದೇ ಮಿಚೆಲ್ 300ರ ಮೇಲೆ. 300ರ ಹಿಡಿ ಎಡಗಡೆಗೆ. ಪಕ್ಕ ಬದಲಾಯಿಸಲು ಬರುವುದಿಲ್ಲವಾದ್ದರಿಂದ ಬಲಗಡೆ ಹಿಡಿಯಿರುವ 301 ಎಂಬ ಬೇರೆಯದೇ ರೀಲು ಮಾಡಿದರು. ಚಿಕ್ಕ ತೊರೆಗಳಿಗೆ 308, ಕಡಲಿಗೆ 302. 300ರೊಳಗೆ ಸುರುಳಿಯನ್ನು ಹಿಂದೆಮುಂದೆ ಸರಿಸುವ ಏರ್ಪಾಡು ನಿಧಾನವಾಗಿ ನಡೆದು ದಾರವನ್ನು ಒತ್ತಾಗಿ ಹಾಸುವಂತಿತ್ತು. ನಮ್ಮ ಎರಡನೆಯ ಪ್ರಶ್ನೆಗೆ ಬಂದ ಸೊಗಸಾದ ಉತ್ತರ ಇದು.

ಸ್ವೀಡನ್ನಿನ ಸ್ವಾಂಗ್‌ಸ್ಟಾ, ಸಾಲ್ಮನ್ ಮೀನಿಗೆ ಹೆಸರಾದ ಮೊರ್ರುಮ್ ನದಿಯ ದಡದ ಊರು. 1921ರಲ್ಲಿ ಕಾರ್ಲ್ ಆಗಸ್ಟ್ ಬೊರ್ಗ್‌ಸ್ಟ್ರೊಮ್ ಅಲ್ಲಿ ಸ್ಥಾಪಿಸಿದ ಕಾರ್ಖಾನೆಯ ಹೆಸರೇ ಆಬಿ ಊರ್‌ಫಾಬ್ರಿಕೆನ್, ಎಂದರೆ ಗಡಿಯಾರ ಕಾರ್ಖಾನೆ. ಮೊದಮೊದಲು ಅದು ಗಡಿಯಾರ, ಟ್ಯಾಕ್ಸಿ ಮೀಟರುಗಳನ್ನು ಮಾಡುತ್ತಿತ್ತು. ಯುದ್ಧ ಬಂದು ಟ್ಯಾಕ್ಸಿ ಮೀಟರುಗಳನ್ನು ಕೇಳುವವರಿಲ್ಲದಾದಾಗ ರೀಲುಗಳತ್ತ ಹೊರಳಿತು. ಹೆಸರಿನ ಮೊದಲ ಅಕ್ಷರಗಳಿಂದಾದ ಅಬು ಎಂಬ ಗುರುತು ಹೀಗೆ ಜಗತ್ತಿನ ಗಾಳಗಾರರ ಬಾಯಲ್ಲಿ ನಿಂತಿತು. 1952ರಲ್ಲಿ ಬಂದ ಅದರ ಅಂಬಾಸಡರ್ ತಿರುಗುವ ಸುರುಳಿಯ ರೀಲು. ನಿಂತ ಸುರುಳಿಯಲ್ಲಿ ಅಬು ಕೊಟ್ಟ ದೊಡ್ಡ ಕೊಡುಗೆ 1960ರ ದಶಕದ ಕಾರ್ಡಿನಲ್ ಸರಣಿ.

ಇಲ್ಲಿ ಮೂರನೆಯ ಪ್ರಶ್ನೆ ಎದುರಾಗುತ್ತದೆ. ಮಿಚೆಲ್ ಓರೆಹಲ್ಲಿನ ಚಕ್ರಗಳಿಂದ ಚಲನೆಯ ದಿಕ್ಕನ್ನು ತಿರುಗಿಸಿತು. ಕಾರ್ಡಿನಲ್ ಮತ್ತು ಜರ್ಮನಿಯ ಡಾಮ್ ಸಂಸ್ಥೆಯ ಕ್ವಿಕ್ ರೀಲುಗಳು ಆರಿಸಿಕೊಂಡದ್ದು ವರ್ಮ್ ಗೇರನ್ನು. ಅಂದರೆ ತಿರುಪಿನ ಸುತ್ತಿನಂಥ ಹಲ್ಲಿರುವ ದಂಡಕ್ಕೆ ಚಕ್ರವೊಂದು ಕೂಡಿಕೊಂಡು ಸಾಗುವ ವಿಧಾನ. ಇದರಲ್ಲಿ ಹಲ್ಲುಗಳು ಜಾರುತ್ತ ಕೂಡುವುದರಿಂದ ಉಜ್ಜಾಟ ಹೆಚ್ಚು, ಹಿಡಿ ತಿರುಗಿಸಲು ಸ್ವಲ್ಪ ಹೆಚ್ಚು ಶಕ್ತಿ ಬೇಕು, ಎಣ್ಣೆ ಆರಲು ಬಿಡಬಾರದು. ಆದರೆ ಚಲನೆ ಒಂದೇ ಹದದಲ್ಲಿ ಸಾಗುತ್ತದೆ, ಸದ್ದು ಕಡಿಮೆ, ಬಾಳಿಕೆ ಬಹಳ. ಐವತ್ತು ವರ್ಷ ದಾಟಿದ ಕಾರ್ಡಿನಲ್ಲಿನ ಹಿಡಿಯನ್ನು ಇಂದು ತಿರುಗಿಸಿದರೂ ಒಳಗಿನ ಆ ಒತ್ತಾದ, ತಡೆಯಿಲ್ಲದ ಓಟ ಬೆರಳಿಗೆ ತಿಳಿಯುತ್ತದೆ. ಅಂಗಡಿಯಲ್ಲಿ ಗಂಟೆಗಟ್ಟಲೆ ವಿವರಿಸಿದರೂ ತಿಳಿಯದ ವ್ಯತ್ಯಾಸ, ಒಂದು ಮಿಚೆಲ್ ಮತ್ತು ಒಂದು ಕಾರ್ಡಿನಲ್ಲನ್ನು ಒಂದಾದ ಮೇಲೊಂದು ತಿರುಗಿಸಿದರೆ ತಿಳಿಯುತ್ತದೆ.

ಇಟಲಿಯ ಟ್ಯೂರಿನ್‌ನಿಂದ ಬಂದ ಆಲ್ಚೆಡೊ ಮೈಕ್ರಾನ್ ಅಂಗೈಯಲ್ಲಿ ಅಡಗುವ ಚೊಕ್ಕ ರೀಲು. ಇಂಗ್ಲೆಂಡಿನ ರೆಡಿಚ್‌ನ ಜೆ. ಡಬ್ಲ್ಯೂ. ಯಂಗ್ ಸಂಸ್ಥೆಯ ಆಂಬಿಡೆಕ್ಸ್ ಹೆಸರೇ ಹೇಳುವಂತೆ ಎಡಬಲ ಎರಡೂ ಕೈಗೆ ಹೊಂದಿತು. ಫ್ರಾನ್ಸಿನ ಪೆಜೋಂ ಎ ಮಿಶೆಲ್ ಮಾರಿದ ಲಕ್ಸರ್ ರೀಲುಗಳನ್ನು 1930ರ ದಶಕದಲ್ಲಿ ಬೇಶ್ ಬ್ರೌನ್ ಅಮೆರಿಕಕ್ಕೆ ತಂದು ಈ ಪದ್ಧತಿಗೆ ಅಲ್ಲಿ ನೆಲೆ ಒದಗಿಸಿದ. ಇವೆಲ್ಲ ಸಂಗ್ರಹದ ಎರಡನೆಯ ಸುತ್ತಿಗೆ ಸೇರಬೇಕಾದ ಹೆಸರುಗಳು.

ಬಿಟ್ಟುಕೊಡುವ ವಿದ್ಯೆ

ನಾಲ್ಕನೆಯ ಪ್ರಶ್ನೆ ಡ್ರ್ಯಾಗ್. ಸುರುಳಿಯನ್ನು ಒತ್ತಿ ಹಿಡಿದ ವಾಷರುಗಳ ಬಿಗಿಯನ್ನು ಹದಮಾಡಿಕೊಂಡರೆ, ಮೀನಿನ ಸೆಳೆತ ಆ ಬಿಗಿಯನ್ನು ಮೀರಿದಾಗ ಸುರುಳಿ ತಿರುಗಿ ದಾರ ಬಿಟ್ಟುಕೊಡುತ್ತದೆ. ನಿಂತಿರಬೇಕಾದ ಸುರುಳಿ ತಿರುಗಲು ಅನುಮತಿ ಇರುವುದು ಆಗ ಮಾತ್ರ. ಚರ್ಮ, ಫೆಲ್ಟ್, ಫೈಬರ್, ಮುಂದೆ ಟೆಫ್ಲಾನ್ ಹೀಗೆ ವಾಷರಿನ ವಸ್ತು ಬದಲಾದಂತೆ ಡ್ರ್ಯಾಗಿನ ನಯವೂ ಬದಲಾಯಿತು. ಮಿಚೆಲ್‌ನಲ್ಲಿ ಈ ಬಿಗಿಯನ್ನು ಬದಲಿಸುವ ಗುಂಡಿ ಸುರುಳಿಯ ಮುಂದಿದೆ. ಕಾರ್ಡಿನಲ್‌ನಲ್ಲಿ ರೀಲಿನ ಹಿಂಬದಿಯಲ್ಲಿದೆ. ಮೀನು ಓಡುತ್ತಿರುವಾಗ ದಾರದ ಮುಂದೆ ಕೈ ತರದೆ ಬಿಗಿ ಬದಲಿಸಬಹುದು.

ಡ್ರ್ಯಾಗ್ ಜಾರುತ್ತಿರುವಾಗ ಹಿಡಿ ತಿರುಗಿಸುವುದು ಹೊಸಬರೆಲ್ಲ ಮಾಡುವ ಕೆಲಸ. ಆಗ ದಾರ ಒಳಗೆ ಬರುವುದಿಲ್ಲ. ಬೇಲನ್ನು ಹೊತ್ತು ಸುರುಳಿಯ ಸುತ್ತ ತಿರುಗುವ ರೋಟರಿನ ಪ್ರತಿ ಸುತ್ತೂ ದಾರಕ್ಕೆ ಒಂದು ಹೊಸೆತವನ್ನು ತುಂಬುತ್ತದೆ. ಹಿಡಿಯ ಒಂದು ಸುತ್ತಿಗೆ ರೋಟರ್ ಐದು ಸಲ ತಿರುಗುವ ರೀಲಾದರೆ ಒಂದೊಂದು ಸುತ್ತಿಗೆ ಐದೈದು ಹೊಸೆತ. ಮ್ಯಾಲಕ್ ಎದುರಿಸಿದ ಹಳೆಯ ಪೀಡೆ ಹಿಂಬಾಗಿಲಿನಿಂದ ಬರುವ ಬಗೆ ಇದು.

ರೀಲು ಗೆದ್ದದ್ದರಲ್ಲಿ ದಾರದ ಪಾಲೂ ದೊಡ್ಡದು. ಹೆಣೆದ ರೇಷ್ಮೆ ದಾರವನ್ನು ಬಳಸಿದ ಮೇಲೆ ಬಿಚ್ಚಿ ಒಣಗಿಸದಿದ್ದರೆ ಅದು ಕೊಳೆಯುತ್ತಿತ್ತು. 1938ರಲ್ಲಿ ಡ್ಯುಪಾಂಟ್ ಸಂಸ್ಥೆ ನೈಲಾನನ್ನು ಜಗತ್ತಿಗೆ ಪ್ರಕಟಿಸಿತು. ಯುದ್ಧದ ನಂತರ ಸಣ್ಣ, ನುಣುಪಾದ, ಕೊಳೆಯದ ನೈಲಾನ್ ಎಳೆ ಎಲ್ಲೆಡೆ ಸಿಗತೊಡಗಿತು. ಸುರುಳಿಯ ಅಂಚಿನಿಂದ ಜಾರುವ ರೀಲಿಗೆ ಬೇಕಾಗಿದ್ದದ್ದು ಇಂಥದೇ ಎಳೆ. ಮಿಚೆಲ್ ಹರಡಿದ ಕಾಲವೂ ನೈಲಾನ್ ಹರಡಿದ ಕಾಲವೂ ಒಂದೇ ಆಗಿರುವುದು ಆಕಸ್ಮಿಕವಲ್ಲ.

ಸಂಗ್ರಾಹಕರ ದಾರಿಗಳು

ಸಂಗ್ರಾಹಕರಲ್ಲಿ ಮೂರು ಪಂಥಗಳನ್ನು ಗುರುತಿಸಬಹುದು. ಒಂದನೆಯವರು ಒಬ್ಬ ತಯಾರಕನನ್ನು ಹಿಡಿದು ಅವನ ಎಲ್ಲ ಮಾದರಿಗಳನ್ನೂ ಬೆನ್ನಟ್ಟುತ್ತಾರೆ. ಎರಡನೆಯವರು ಒಂದೇ ಮಾದರಿಯ ಒಳಭೇದಗಳನ್ನು ಹುಡುಕುತ್ತಾರೆ: ಹಿಡಿಯ ಗುಂಡಿಯ ಆಕಾರ, ಹಿಂದೆ ತಿರುಗದಂತೆ ತಡೆಯುವ ಕೀಲಿ, ಅಕ್ಷರದ ಕೊರೆತ, ಪಾದದ ಮೇಲಿನ ಸಂಖ್ಯೆ. ದಶಕಗಳ ಕಾಲ ತಯಾರಾದ ಮಿಚೆಲ್ 300 ಇವರಿಗೆ ಮುಗಿಯದ ಗಣಿ. ಮೂರನೆಯವರು ಬೆಲೆ ಏರುವುದನ್ನೇ ಹುಡುಕುತ್ತಾರೆ. ಮೊದಲ ಇಬ್ಬರಿಂದ ಕ್ಷೇತ್ರಕ್ಕೆ ಜ್ಞಾನ ಕೂಡಿದೆ. ಯಾವ ಭಾಗ ಯಾವ ವರ್ಷ ಬದಲಾಯಿತು ಎಂಬ ಕಾಲಾನುಕ್ರಮವನ್ನು ಬಹುಮಟ್ಟಿಗೆ ಕಟ್ಟಿದವರು ಕಾರ್ಖಾನೆಯ ದಾಖಲೆಗಳಿಲ್ಲದೆ ರೀಲುಗಳನ್ನೇ ಹೋಲಿಸಿ ನೋಡಿದ ಹವ್ಯಾಸಿಗಳು. ಅಮೆರಿಕದ ಓಲ್ಡ್ ರೀಲ್ ಕಲೆಕ್ಟರ್ಸ್ ಅಸೋಸಿಯೇಷನ್‌ನಂಥ ಸಂಘಟನೆ ಬೆಳೆದದ್ದೂ ಇಂಥವರಿಂದ. ಕ್ಲೂಸ್‌ನಲ್ಲಿ ಇಂದು ಗಡಿಯಾರ ಮತ್ತು ಲೋಹ ಕಡೆಯುವ ಕಸುಬಿನ ವಸ್ತುಸಂಗ್ರಹಾಲಯ ಇರುವ ಕಟ್ಟಡಕ್ಕೆ ಕಾರ್ಪಾನೊ ಎ ಪೋನ್ಸ್ ಹೆಸರೇ ಉಳಿದಿದೆ.

ನಾಲ್ಕನೆಯದೊಂದು ದಾರಿಯಿದೆ. ಹೊಸಬರಿಗೆ ನಾನು ಹೇಳುವುದು ಅದನ್ನೇ: ಪ್ರಶ್ನೆಯ ಪ್ರಕಾರ ಕೂಡಿಸಿ. ದಾರ ಹಿಡಿಯುವ ಬಗೆಗೆ ಮೂರು, ಹಲ್ಲುಚಕ್ರಕ್ಕೆ ಎರಡು, ಡ್ರ್ಯಾಗಿಗೆ ಎರಡು, ಪಕ್ಕಕ್ಕೆ ಹೊರಳುವ ಒಂದು. ಎಂಟು ರೀಲುಗಳಲ್ಲಿ ಇಡೀ ಚರಿತ್ರೆ ಬಂತು. ಇಲ್ಲಿಂಗ್‌ವರ್ತನ ಮೂಲ ರೀಲು ಕೈಗೆಟುಕದಿದ್ದರೂ ಉಳಿದವುಗಳಲ್ಲಿ ಹೆಚ್ಚಿನವು ದೊಡ್ಡ ಸಂಖ್ಯೆಯಲ್ಲಿ ತಯಾರಾದವು; ದುಬಾರಿಯಲ್ಲ. ಬಹಳ ತಯಾರಾಯಿತು ಎಂಬ ಕಾರಣಕ್ಕೆ ಮಿಚೆಲ್ 300ನ್ನು ಕೀಳಾಗಿ ಕಾಣುವ ರೂಢಿ ಕೆಲವರಲ್ಲಿದೆ. ಅದು ಬಹಳ ತಯಾರಾದದ್ದು ಅದರ ಉತ್ತರಗಳು ಸರಿಯಿದ್ದುದರಿಂದ. ಮೊದಲ ರೀಲಾಗಿ ಅದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ.

ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಕೆಲವೇ. ತಿರುಪುಗಳ ತಲೆಯ ಸೀಳು ಚೊಕ್ಕವಾಗಿದ್ದರೆ ಒರಟು ಕೈ ಒಳಹೊಕ್ಕಿಲ್ಲ ಎಂದರ್ಥ. ಬೇಲು ತೆರೆದು ಹಿಡಿ ತಿರುಗಿಸಿದಾಗ ಅದು ಟಪ್ಪೆಂದು ಮುಚ್ಚಬೇಕು. ದಾರ ಹಾಯುವ ಉರುಳೆಯಲ್ಲಿ ಗೀರಿದ್ದರೆ ಅದು ದಾರವನ್ನು ಕತ್ತರಿಸುತ್ತದೆ. ಸುರುಳಿಯ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಒಂದು ಸಣ್ಣ ಕಚ್ಚು ಎಸೆತವನ್ನು ಹಾಳುಮಾಡುತ್ತದೆ. ಹಿಡಿ ತಿರುಗಿಸುವಾಗ ಒಂದೇ ಜಾಗದಲ್ಲಿ ಮತ್ತೆಮತ್ತೆ ತಡೆ ಬಂದರೆ ಹಲ್ಲು ಮುರಿದಿದೆ. ಎಲ್ಲ ಕಡೆ ಸಮನಾಗಿ ಬಿಗಿಯಿದ್ದರೆ ಹಳೆಯ ಗ್ರೀಸ್ ಗಟ್ಟಿಯಾಗಿದೆ ಅಷ್ಟೇ. ಮೊದಲನೆಯದು ಕಾಯಿಲೆ, ಎರಡನೆಯದು ಕೊಳೆ. ಮರುತಯಾರಿಕೆಗಳ ಬಗ್ಗೆಯೂ ಎಚ್ಚರ ಬೇಕು. ಕಾರ್ಡಿನಲ್ 33 ಜಪಾನಿನ ಬೆಟ್ಟದ ತೊರೆಗಳ ಗಾಳಗಾರರಿಗೆ ಎಷ್ಟು ಮೆಚ್ಚಾಯಿತೆಂದರೆ ಅವರಿಗಾಗಿ ಅದನ್ನು ಮತ್ತೆ ತಯಾರಿಸಿದರು. ಅದು ಒಳ್ಳೆಯ ರೀಲೇ, ಆದರೆ ಹಳೆಯದಲ್ಲ. 1970ರ ದಶಕದ ಅನೇಕ ಅಬು ರೀಲುಗಳ ಪಾದದ ಮೇಲಿನ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು. 7412 ಎಂದು ಆರಂಭವಾದರೆ 1974ರ ಡಿಸೆಂಬರ್.

ಮೆರುಗೋ ಮೂಲವೋ

ಈ ಕ್ಷೇತ್ರದ ದೊಡ್ಡ ಜಗಳ ದುರಸ್ತಿಯದು. ಹೊಸ ಬಣ್ಣ ಬಳಿದು, ಲೋಹ ಉಜ್ಜಿ ಫಳಫಳಿಸುವಂತೆ ಮಾಡಬೇಕೆ, ಇದ್ದ ಹಾಗೆ ಉಳಿಸಬೇಕೆ? ನನ್ನ ನಿಲುವು ಖಚಿತ: ಒಳಗನ್ನು ತೊಳೆಯಿರಿ, ಹೊರಗನ್ನು ಮುಟ್ಟಬೇಡಿ. ಕಾರ್ಖಾನೆಯ ಬಣ್ಣ, ಅದು ಸವೆದ ಜಾಗ, ಹಿಡಿಯ ಗುಂಡಿಯ ಮಾಸಿದ ಹೊಳಪು, ಇವೆಲ್ಲ ರೀಲು ಯಾವಾಗ ಆಯಿತು, ಹೇಗೆ ದುಡಿಯಿತು ಎಂಬುದರ ದಾಖಲೆ. ಬಫಿಂಗ್ ಚಕ್ರಕ್ಕೆ ಒಡ್ಡಿದ ಮರುಕ್ಷಣ ಕೊರೆದ ಅಕ್ಷರಗಳ ಅಂಚು ಕರಗುತ್ತದೆ. ಕಳೆದ ಲೋಹವನ್ನು ಯಾರೂ ಮರಳಿ ತರಲಾರರು. ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಮೃದು ಬ್ರಷ್ಷಿನಿಂದ ತೆಗೆಯಬಹುದು. ಬಣ್ಣದ ಮೈಗೆ ಸೌಮ್ಯವಾದ ಸೋಪಿನ ನೀರು ಸಾಕು. ಬಿಚ್ಚುವ ಪ್ರತಿ ಹಂತದಲ್ಲೂ ಫೋಟೊ ತೆಗೆದಿಡಬೇಕು. ಮುರಿದ ಸ್ಪ್ರಿಂಗಿಗೆ ಬದಲಿ ಹಾಕಿದರೆ ಹಳೆಯ ತುಂಡನ್ನು ಚೀಟಿಯ ಸಮೇತ ಜೋಪಾನ ಮಾಡಬೇಕು.

ನಮ್ಮ ಹವೆಯಲ್ಲಿ ಇನ್ನಷ್ಟು ಕಾಳಜಿ ಬೇಕು. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಅಲ್ಯುಮಿನಿಯಂ ಮೇಲೆ ಬಿಳಿ ಹುಡಿ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಬೇಗ ಏಳುತ್ತವೆ. ರೀಲನ್ನು ಅದರ ಚರ್ಮದ ಚೀಲದೊಳಗೇ ಇಡುವುದು ತಪ್ಪು. ಚರ್ಮ ಹದಮಾಡಿದ ಆಮ್ಲ ಲೋಹವನ್ನು ತಿನ್ನುತ್ತದೆ. ಚೀಲ ಬೇರೆ, ರೀಲು ಬೇರೆ, ಜೊತೆಗೆ ಸಿಲಿಕಾ ಜೆಲ್. ಬಿಗಿಯಾಗಿ ಸುತ್ತಿದ ನೈಲಾನನ್ನು ವರ್ಷಗಟ್ಟಲೆ ಬಿಟ್ಟರೆ ಅದರ ಒತ್ತಡಕ್ಕೆ ಪ್ಲಾಸ್ಟಿಕ್ ಸುರುಳಿ ಬಿರುಕು ಬಿಡಬಹುದು, ಬಿಚ್ಚಿ ಇಡಬೇಕು. ಡ್ರ್ಯಾಗನ್ನು ಸಡಿಲಿಸಿಟ್ಟರೆ ಫೆಲ್ಟ್ ವಾಷರು ಚಪ್ಪಟೆಯಾಗದೆ ಉಳಿಯುತ್ತದೆ.

ಕಪಾಟಿಗೋ ನೀರಿಗೋ

ಹಳೆಯ ರೀಲಿನಿಂದ ಮೀನು ಹಿಡಿಯಬಹುದೆ? ಹಿಡಿಯಲೇಬೇಕು ಎನ್ನುವ ಪಕ್ಷ ನನ್ನದು, ಒಂದು ಷರತ್ತಿನೊಂದಿಗೆ. ಉಳಿದಿರುವುದೇ ನಾಲ್ಕಾರು ಎನ್ನುವ ರೀಲು ಕಪಾಟಿನಲ್ಲಿರಲಿ. ಲಕ್ಷಗಟ್ಟಲೆ ತಯಾರಾದ ಮಿಚೆಲ್, ಕಾರ್ಡಿನಲ್, ಪೆನ್‌ಗಳು ನೀರಿಗೆ ಇಳಿಯಲಿ. ಅರ್ಧ ಬೇಲಿನ ಕಷ್ಟ, ಹಿಂಬದಿ ಡ್ರ್ಯಾಗಿನ ಸುಖ, ವರ್ಮ್ ಗೇರಿನ ಓಟ ಇವನ್ನು ಮೇಜಿನ ಮೇಲೆ ಅರ್ಧ ತಿಳಿಯಬಹುದು, ಉಳಿದರ್ಧ ನೀರಿನ ಬಳಿ. ಉಪ್ಪುನೀರಿಗೆ ಮಾತ್ರ ಅದಕ್ಕೆಂದೇ ಮಾಡಿದ್ದನ್ನು ಒಯ್ಯಬೇಕು, ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು.

ಕರ್ನಾಟಕದ ಗಾಳದ ಚರಿತ್ರೆ ದೊಡ್ಡ ಮೀನಿನದು. ಮೈಸೂರಿನ ಹೆಸರಾಂತ ಚರ್ಮಪ್ರಸಾಧಕ ವ್ಯಾನ್ ಇಂಗೆನ್ ಕುಟುಂಬದ ಜೆ. ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೊ ತೂಕದ ಮಹಸೀರನ್ನು ಗಾಳಕ್ಕೆ ಹಿಡಿದದ್ದು ಬಹುಕಾಲ ಜಗತ್ತಿನ ದಾಖಲೆಯಾಗಿತ್ತು. ಮುಂದೆ ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿಗಳ ಕಾವೇರಿಗೆ ರಾಗಿ ಉಂಡೆಯ ಎರೆ ಹಿಡಿದು ಬಂದ ದೇಶವಿದೇಶದ ಗಾಳಗಾರರು ಹೆಚ್ಚಾಗಿ ಬಳಸಿದ್ದು ದಪ್ಪ ದಾರ ಹಿಡಿಯುವ ಮಲ್ಟಿಪ್ಲೈಯರ್ ರೀಲುಗಳನ್ನು. ಸ್ವಾಂಗ್‌ಸ್ಟಾದ ಅಂಬಾಸಡರ್ ಅವುಗಳಲ್ಲಿ ಮುಖ್ಯವಾದದ್ದು. ಭಾರವಾದ ಎರೆ, ಬಂಡೆಗಳ ನಡುವಿನ ಬಿರುಸು ನೀರು, ಬಲವಾದ ಮೀನು ಇದ್ದಲ್ಲಿ ತಿರುಗುವ ಸುರುಳಿಯೇ ಸರಿ. ನಿಂತ ಸುರುಳಿಯ ಜಾಗ ಹಗುರ ಎರೆಯ ನೀರು. ಕಾವೇರಿಯ ಡುಬ್ಬದ ಮಹಸೀರು ಇಂದು ಅಳಿವಿನ ತೀರಾ ಅಂಚಿನಲ್ಲಿದೆ, ಅಭಯಾರಣ್ಯದೊಳಗಿನ ಆ ಗಾಳದ ಶಿಬಿರಗಳ ಕಾಲ ಮುಗಿದಿದೆ. ಹಳೆಯ ರೀಲನ್ನು ಪ್ರೀತಿಸುವವರು ಅನುಮತಿಯಿರುವ ನೀರಿನಲ್ಲಷ್ಟೇ ಗಾಳ ಹಾಕಿ, ಹಿಡಿದದ್ದನ್ನು ಜೀವಸಹಿತ ನೀರಿಗೆ ಬಿಡಬೇಕು. ನೂರು ವರ್ಷದ ಯಂತ್ರವನ್ನು ಉಳಿಸಿ, ಅದಕ್ಕಿಂತ ಎಷ್ಟೋ ಹಳೆಯದಾದ ಜೀವವನ್ನು ಕಳೆದರೆ ಆ ಹವ್ಯಾಸಕ್ಕೆ ಅರ್ಥವಿಲ್ಲ.

ಉಳಿದಿರುವ ಕೆಲಸ

ಒಂದು ಕಾಲಕ್ಕೆ ಪರಸ್ಪರ ಎದುರಾಳಿಗಳಾಗಿದ್ದ ಹಾರ್ಡಿ, ಮಿಚೆಲ್, ಅಬು, ಪೆನ್ ನಾಲ್ಕೂ ಈಗ ಪ್ಯೂರ್ ಫಿಶಿಂಗ್ ಎಂಬ ಒಂದೇ ಅಮೆರಿಕನ್ ಸಂಸ್ಥೆಯ ನೆರಳಿಗೆ ಬಂದಿವೆ. ಹೆಸರುಗಳು ಉಳಿದಿವೆ, ಆ ಹೆಸರುಗಳ ಹಿಂದಿದ್ದ ಊರುಗಳ ಸ್ವಂತ ಯೋಚನೆ ಒಂದಕ್ಕೊಂದು ಕಲೆತುಹೋಗಿದೆ. ಇಂದಿನ ರೀಲು ಹಗುರ, ನಯ, ನಂಬಿಕಸ್ತ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ನಾಲ್ಕು ಪ್ರಶ್ನೆಗಳಿಗೂ ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುವ ಕಾಲ ಬಂದಿದೆ. ಬೇರೆ ಉತ್ತರಗಳೂ ಇದ್ದವು, ಅವು ಚೆನ್ನಾಗಿಯೇ ದುಡಿದವು ಎಂಬುದಕ್ಕೆ ಪುರಾವೆ ಹಳೆಯ ರೀಲುಗಳಲ್ಲಿ ಮಾತ್ರ ಇದೆ.

ಆದ್ದರಿಂದ ಸಂಗ್ರಾಹಕನ ಕರ್ತವ್ಯ ಕೊಳ್ಳುವುದರಲ್ಲಿ ಮುಗಿಯುವುದಿಲ್ಲ. ಪ್ರತಿ ರೀಲಿಗೂ ಒಂದು ಹಾಳೆ ಬರೆದಿಡಬೇಕು: ಎಲ್ಲಿಂದ ಬಂತು, ಯಾರು ಬಳಸಿದರು, ಪಾದದ ಮೇಲಿನ ಸಂಖ್ಯೆ ಏನು, ಯಾವ ಭಾಗ ಮೂಲದ್ದು, ಯಾವುದು ಬದಲಿ. ಭಾರತದಲ್ಲಿ ಕಾಫಿ ತೋಟಗಳ, ಕಂಟೋನ್ಮೆಂಟುಗಳ, ಹಳೆಯ ಬೇಟೆಗಾರ ಮನೆತನಗಳ ಪೆಟ್ಟಿಗೆಗಳಿಂದ ಬರುವ ರೀಲುಗಳಿಗೆ ಇಂಥ ಹಾಳೆ ಇನ್ನೂ ಹೆಚ್ಚು ಅಗತ್ಯ. ಅವುಗಳನ್ನು ಬಳಸಿದವರ ನೆನಪು ಹೋದರೆ ಉಳಿಯುವುದು ತಯಾರಕನ ಹೆಸರಷ್ಟೇ. ಒಂದು ಮಿಚೆಲ್ 300, ಅದಕ್ಕೆ ಹೊಂದುವ ತಿರುಪುಳಿ, ಒಂದು ನೋಟ್‌ಬುಕ್ ಇಷ್ಟಿದ್ದರೆ ಯಾರು ಬೇಕಾದರೂ ಈ ಕೆಲಸ ಶುರುಮಾಡಬಹುದು. ಮುಚ್ಚಳ ತೆಗೆದು, ಹಿಡಿಯನ್ನು ನಿಧಾನವಾಗಿ ತಿರುಗಿಸಿ, ಯಾವ ಹಲ್ಲು ಯಾವುದನ್ನು ನೂಕುತ್ತದೆ ಎಂದು ತಿಳಿದುಕೊಂಡು ಬರೆದವನು ಸಂಗ್ರಾಹಕನಾದ ಹಾಗೆಯೇ. ಎರಡನೆಯ ರೀಲು ಯಾವುದಾಗಬೇಕು ಎಂಬುದನ್ನು ಆ ಟಿಪ್ಪಣಿಯೇ ಅವನಿಗೆ ಹೇಳುತ್ತದೆ.